ಮೇಲೆ ಹಳೇ ಬಾಡಿ, ಕೆಳಗೆ ಬೇರೆ ಚಾಸಿಸ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಗಾಡಿಯ ಬಾಡಿಯನ್ನು ಸಣ್ಣ ಪಿಕಪ್‌ನ ಚಾಸಿಸ್ ಮೇಲೆ, ಅಂದರೆ ಬಾಡಿ ಹೊರುವ ಕೆಳಗಿನ ಕಬ್ಬಿಣದ ಚೌಕಟ್ಟಿನ ಮೇಲೆ, ಕೂರಿಸಬಹುದಾ ಅಂತ ಈ ಸಲ ಒಂದರ ಹಿಂದೆ ಒಂದು ಪತ್ರ ಬಂದಿವೆ. ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಮೀಸಲು. ಗೇರ್‌ಬಾಕ್ಸ್ ಸದ್ದಿನ ಬಗ್ಗೆ ಕೇಳಿದವರು ಒಂದು ತಿಂಗಳು ತಡೆದುಕೊಳ್ಳಿ.

ಪ್ರಶ್ನೆ: ಸರ್, ನನ್ನ ಹತ್ತಿರ 1951ರ ಶೆವರ್ಲೆ ಅರ್ಧ ಟನ್ ಪಿಕಪ್ ಇದೆ. ಕ್ಯಾಬಿನ್ ಗಟ್ಟಿಯಾಗಿದೆ, ಚಾಸಿಸ್ ಮಾತ್ರ ತುಕ್ಕು ಹಿಡಿದು ಹೋಗಿದೆ. ಸ್ನೇಹಿತ ಹೇಳ್ತಾನೆ, ಶೆವರ್ಲೆಯದೇ ಎಸ್-10 ಪಿಕಪ್‌ನ ಚಾಸಿಸ್ ತಂದು ಕೆಳಗೆ ತಳ್ಳು, ವೀಲ್‌ಬೇಸ್ (ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ದೂರ) ಹೆಚ್ಚುಕಮ್ಮಿ ಒಂದೇ, ಎರಡು ವಾರಾಂತ್ಯದ ಕೆಲಸ ಅಂತ. ನಿಜವಾ?

ಉತ್ತರ: ವೀಲ್‌ಬೇಸ್ ಮಾತು ನಿಜ. ಎರಡು ವಾರಾಂತ್ಯದ ಮಾತು ಸುಳ್ಳು. ಎರಡು ವಾರಾಂತ್ಯದಲ್ಲಿ ಬಾಡಿ ಚಾಸಿಸ್ ಮೇಲೆ ಕೂರುತ್ತದೆ, ನಾಲ್ಕು ಫೋಟೊ ತೆಗೆಯಬಹುದು, ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಅಲ್ಲಿಂದ ರಸ್ತೆಗೆ ಇಳಿಯೋಕೆ ಒಂದು ವರ್ಷ ಹಿಡಿದವರನ್ನು ನೋಡಿದ್ದೇನೆ, ಮೂರು ವರ್ಷ ಹಿಡಿದವರನ್ನೂ ನೋಡಿದ್ದೇನೆ.

ಮೊದಲು ಲೆಕ್ಕ ನೋಡೋಣ. ನಿಮ್ಮ ಗಾಡಿಯ ವೀಲ್‌ಬೇಸ್ 116 ಇಂಚು. ಎಸ್-10 ಬಂದಿದ್ದು 1982ರ ಮಾಡೆಲ್ ಆಗಿ, 2004ರವರೆಗೂ ಇತ್ತು. ಅದರಲ್ಲಿ ಮೂರು ಉದ್ದ ಸಿಗುತ್ತವೆ: ಗಿಡ್ಡದ್ದು 108.3 ಇಂಚು, ಉದ್ದ ಲೋಡ್ ಬಾಡಿಯದ್ದು 117.9, ಸೀಟಿನ ಹಿಂದೆ ಜಾಗ ಇರುವ ದೊಡ್ಡ ಕ್ಯಾಬಿನ್ನಿನದ್ದು 122.9. ನಿಮಗೆ ಬೇಕಾದ್ದು ನಡುವಿನದು. ಎರಡು ಇಂಚಿಗಿಂತ ಒಂದು ಕೂದಲು ಕಮ್ಮಿ ವ್ಯತ್ಯಾಸ, ಅಂದರೆ 48 ಮಿಲಿಮೀಟರ್. ಇದನ್ನು ಕೇಳಿದ ತಕ್ಷಣ ಎಲ್ಲರಿಗೂ ಖುಷಿ ಆಗುತ್ತದೆ, ಗುಜರಿಗೆ ಓಡುತ್ತಾರೆ.

ಆದರೆ ವೀಲ್‌ಬೇಸ್ ಅನ್ನೋದು ಎರಡು ಚಕ್ರಗಳ ನಡುವಿನ ದೂರ ಅಷ್ಟೇ. ಆ ಎರಡರ ಮಧ್ಯೆ ಕ್ಯಾಬಿನ್ ಎಲ್ಲಿ ಕೂರುತ್ತದೆ ಅಂತ ಅದು ಹೇಳಲ್ಲ. ನೀವು ಹಿಡಿಯಬೇಕಾದ ಅಳತೆ ಬೇರೆ ಇದೆ. ಮುಂದಿನ ಚಕ್ರದ ನಡುಮಧ್ಯದಿಂದ ಫೈರ್‌ವಾಲ್‌ವರೆಗೆ, ಅಂದರೆ ಎಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯೆ ಇರುವ ತಗಡಿನ ಗೋಡೆವರೆಗೆ ಎಷ್ಟು? ಹಳೇ ಗಾಡಿಯಲ್ಲಿ ಎಷ್ಟಿತ್ತು, ಹೊಸ ಚಾಸಿಸ್ ಮೇಲೆ ಎಷ್ಟು ಸಿಗುತ್ತದೆ? ಹಳೇ ಗಾಡಿಯ ಮುಂದಿನ ಮಡ್‌ಗಾರ್ಡ್ ದುಂಡಗಿದೆ. ಅದರ ಕಮಾನಿನ ನಡುವೆ ಚಕ್ರ ಕೂತರೆ ಮಾತ್ರ ಗಾಡಿ ಗಾಡಿ ಥರ ಕಾಣುತ್ತದೆ. ಒಂದು ಇಂಚು ಹಿಂದೆ ಹೋದರೂ ಕಣ್ಣಿಗೆ ಹೊಡೆಯುತ್ತದೆ, ಏನು ತಪ್ಪಾಗಿದೆ ಅಂತ ನೋಡಿದವರಿಗೆ ಗೊತ್ತಾಗದೇ ಇದ್ದರೂ ಏನೋ ಸರಿ ಇಲ್ಲ ಅಂತ ಖಂಡಿತ ಗೊತ್ತಾಗುತ್ತದೆ. ಮೊದಲು ಮುಂದಿನ ಚಕ್ರವನ್ನು ಮಡ್‌ಗಾರ್ಡಿನ ನಡುವೆ ನಿಲ್ಲಿಸಿ. ಉಳಿದಿದ್ದೆಲ್ಲ ಅದರ ಹಿಂದೆ ಬರಲಿ. ಹಿಂದಿನ ಚಕ್ರ ಎರಡು ಇಂಚು ಆಚೀಚೆ ಆದರೆ ಲೋಡ್ ಬಾಡಿಯನ್ನೇ ಸ್ವಲ್ಪ ಸರಿಸಬಹುದು, ಇಲ್ಲವೇ ಕಮಾನು ಪಟ್ಟಿ, ಅಂದರೆ ಲೀಫ್ ಸ್ಪ್ರಿಂಗ್, ಕೂರುವ ಜಾಗ ಬದಲಿಸಬಹುದು. ಮುಂದೆ ಆ ಸೌಲಭ್ಯ ಇಲ್ಲ.

ಅದು ಸರಿಯಾಯ್ತು ಅನ್ನುವಷ್ಟರಲ್ಲಿ ಎಂಜಿನ್ ಜಗಳ ಶುರು ಮಾಡುತ್ತದೆ. 1988ರಿಂದ ಎಸ್-10ಗೆ ಬಂದ 4.3 ಲೀಟರ್ ವಿ6 ಎಂಜಿನ್ ತೆಗೆದುಕೊಳ್ಳಿ. ಸ್ಪಾರ್ಕ್ ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಅದರ ಹಿಂಭಾಗದಲ್ಲಿದೆ. ಕ್ಯಾಬಿನ್ನನ್ನು ಮುಂದೆ ಎಳೆದರೆ ಫೈರ್‌ವಾಲ್ ಬಂದು ಅದಕ್ಕೇ ತಾಗುತ್ತದೆ. ಆಗ ಎಂಜಿನ್ ಮುಂದೆ ಸರಿಸಬೇಕು, ಸರಿಸಿದರೆ ರೇಡಿಯೇಟರ್ ಫ್ಯಾನಿಗೆ ಜಾಗ ಇಲ್ಲ. ಇಲ್ಲಾಂದ್ರೆ ಫೈರ್‌ವಾಲ್ ಕತ್ತರಿಸಿ ಒಳಗೆ ತಗ್ಗು ಮಾಡಬೇಕು, ಮಾಡಿದರೆ ಒಳಗೆ ಕಾಲಿಡೋ ಜಾಗ ಹೋಗುತ್ತದೆ. ಯಾವುದನ್ನು ಬಿಟ್ಟುಕೊಡ್ತೀರಿ ಅಂತ ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಅಗಲದ್ದೂ ಒಂದು ತಕರಾರಿದೆ. ಎರಡು ಚಕ್ರಕ್ಕೆ ಮಾತ್ರ ಡ್ರೈವ್ ಇರುವ ಎಸ್-10 ಕಿರಿದಾದ ಗಾಡಿ, ನಿಮ್ಮದು ದಪ್ಪ ಮಡ್‌ಗಾರ್ಡಿನ ಅಗಲ ಗಾಡಿ. ಹಾಗೇ ಕೂರಿಸಿದರೆ ಚಕ್ರಗಳು ಒಳಗೆ ಅಡಗಿಕೊಳ್ಳುತ್ತವೆ, ದೊಡ್ಡಪ್ಪನ ಅಂಗಿ ಹಾಕಿಕೊಂಡ ಹುಡುಗನ ಥರ. ಹಿಂಬದಿಗೆ ನಾಲ್ಕು ಚಕ್ರ ಡ್ರೈವ್ ಇರುವ ಎಸ್-10ರ ಹೌಸಿಂಗ್, ಅಂದರೆ ಹಿಂದಿನ ಆಕ್ಸಲ್‌ನ ಕವಚ, ಹಾಕಿದರೆ ಸ್ವಲ್ಪ ಅಗಲ ಸಿಗುತ್ತದೆ, ಬೋಲ್ಟಿನ ಅಳತೆಯೂ ಅದೇ, ಐದು ಬೋಲ್ಟು, 4.75 ಇಂಚಿನ ಸುತ್ತು. ಮುಂದೆ ಆಫ್‌ಸೆಟ್ ಬೇರೆ ಇರುವ ರಿಮ್ ಹುಡುಕಬೇಕು. ಅಂದ ಹಾಗೆ ನಿಮ್ಮ ಹಳೇ ಆರು ಬೋಲ್ಟಿನ ರಿಮ್ಮುಗಳು ಇನ್ನು ಗೋಡೆಗೆ ನೇತುಹಾಕೋಕೆ ಮಾತ್ರ.

ಇನ್ನು ಲೋಡ್ ಬಾಡಿ. ಎಸ್-10 ಚಾಸಿಸ್ ಹಿಂದಿನ ಆಕ್ಸಲ್ ಮೇಲೆ ಗೂನು ಹಾಕುತ್ತದೆ, ಆ ಗೂನು ಬಂದು ಹಳೇ ಮರದ ಹಲಗೆಯ ನೆಲಕ್ಕೆ ತಾಗುತ್ತದೆ. ಹಲಗೆ ಎತ್ತರಿಸಬೇಕು. ಪೆಟ್ರೋಲ್ ಟ್ಯಾಂಕ್ ನಿಮ್ಮ ಗಾಡಿಯಲ್ಲಿ ಕ್ಯಾಬಿನ್ ಒಳಗೆ ಸೀಟಿನ ಹಿಂದಿದೆ, ಎಸ್-10ರಲ್ಲಿ ಲೋಡ್ ಬಾಡಿ ಕೆಳಗೆ ಚಾಸಿಸ್ ಪಕ್ಕದಲ್ಲಿ. ಇದು ಮಾತ್ರ ಲಾಭ. ಬೆನ್ನ ಹಿಂದೆ ಪೆಟ್ರೋಲ್ ಇಟ್ಟುಕೊಂಡು ಓಡಾಡೋದು ನನಗಂತೂ ಇಷ್ಟ ಇಲ್ಲ. ಫುಟ್‌ಬೋರ್ಡ್, ರೇಡಿಯೇಟರ್ ಸ್ಟ್ಯಾಂಡ್, ಬಂಪರ್, ಯಾವುದಕ್ಕೂ ಹೊಸ ಚಾಸಿಸ್‌ನಲ್ಲಿ ಹಿಡಿದು ನಿಲ್ಲಿಸುವ ಬ್ರಾಕೆಟ್ ಇರಲ್ಲ. ಎಲ್ಲ ನೀವೇ ಮಾಡಿಕೊಳ್ಳಬೇಕು.

ಇಷ್ಟು ಓದಿದ ಮೇಲೂ ಮನಸ್ಸಿದ್ದರೆ ಮಾಡಿ. ನಿಮ್ಮ ಚಾಸಿಸ್ ಪೂರ್ತಿ ಹೋಗಿದೆ ಅಂತೀರಿ, ಹಾಗಾಗಿ ನಿಮಗೆ ಕಾರಣ ಇದೆ. ಚಾಸಿಸ್ ಚೆನ್ನಾಗಿದ್ದು ಬರೀ ಬ್ರೇಕ್, ಸ್ಟಿಯರಿಂಗ್ ಸರಿ ಇಲ್ಲ ಅಂತ ಇದಕ್ಕೆ ಕೈ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಳೇ ಆಕ್ಸಲ್‌ಗೇ ಡಿಸ್ಕ್ ಬ್ರೇಕ್ ಹಾಕಬಹುದು. 1974ರಿಂದ 78ರವರೆಗೆ ಬಂದ ಫೋರ್ಡ್ ಮಸ್ಟಾಂಗ್ 2ರ ಮಾದರಿಯ ಮುಂದಿನ ಸಸ್ಪೆನ್ಶನ್ ಹಳೇ ಚಾಸಿಸ್‌ಗೇ ಕೂರಿಸುವ ಕಿಟ್ ಸಿಗುತ್ತದೆ. ಕ್ಯಾಬಿನ್, ಫುಟ್‌ಬೋರ್ಡ್, ಬಂಪರ್ ಎಲ್ಲ ಇದ್ದಲ್ಲೇ ಇರುತ್ತವೆ.

ಪ್ರಶ್ನೆ: ಅಳತೆ ತೆಗೆದುಕೊಳ್ಳಿ ಅಂತ ಎಲ್ಲರೂ ಹೇಳ್ತಾರೆ, ಹೇಗೆ ಅಂತ ಯಾರೂ ಹೇಳಲ್ಲ. ಟೇಪ್ ಹಿಡಿದು ಗಾಡಿ ಸುತ್ತ ಮೂರು ಸುತ್ತು ಹಾಕಿದೆ, ಎಲ್ಲಿಂದ ಶುರು ಮಾಡೋದು ಗೊತ್ತಾಗಲಿಲ್ಲ.

ಉತ್ತರ: ನಿಮ್ಮ ಪ್ರಶ್ನೆ ಈ ತಿಂಗಳ ಬೆಸ್ಟ್ ಪ್ರಶ್ನೆ. ಒಂದೇ ಒಂದು ನಟ್ಟು ಬಿಚ್ಚುವ ಮೊದಲು ಅಳೆಯಿರಿ. ಬಿಚ್ಚಿದ ಮೇಲೆ ಅಳೆಯೋಕೆ ಏನೂ ಉಳಿದಿರಲ್ಲ, ರಾಶಿ ಉಳಿದಿರುತ್ತದೆ.

ಮಟ್ಟಸವಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ಟೈರಿಗೆ ಸರಿಯಾಗಿ ಗಾಳಿ ಇರಲಿ. ಮನೆ ಕಟ್ಟುವ ಗಾರೆಯವರ ಹತ್ತಿರ ತೂಗುಗುಂಡು ಇರುತ್ತಲ್ಲ, ಅದನ್ನು ತನ್ನಿ. ಮುಂದಿನ ಚಕ್ರದ ನಡುವಿಗೆ ದಾರ ಹಿಡಿದು ಗುಂಡು ಇಳಿಬಿಡಿ, ಅದು ತೂಗಾಡೋದು ನಿಲ್ಲುವವರೆಗೂ ಕಾಯಿರಿ, ಗುಂಡಿನ ಮೊನೆ ನೆಲ ತೋರಿಸಿದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆಮೇಲೆ ಫೈರ್‌ವಾಲಿನ ಕೆಳತುದಿ, ಬಾಗಿಲ ಕಂಬ, ಕ್ಯಾಬಿನ್ನಿನ ಪ್ರತಿ ಬೋಲ್ಟು, ಹಿಂದಿನ ಚಕ್ರ, ಬಂಪರ್ ಬೋಲ್ಟು, ಹೀಗೆ ಎರಡೂ ಬದಿ. ಸೀಮೆಸುಣ್ಣ ಎರಡು ದಿನಕ್ಕೆ ಅಳಿಸಿಹೋಗುತ್ತದೆ, ಗುರುತುಗಳ ಮೇಲೆ ಪೇಂಟ್ ಚುಕ್ಕೆ ಇಡಿ. ಎತ್ತರವನ್ನೂ ಬರೆದುಕೊಳ್ಳಿ, ನೆಲದಿಂದ ಬಾಗಿಲ ಕೆಳಗಿನ ಪಟ್ಟಿವರೆಗೆ ಎಷ್ಟು, ಮಡ್‌ಗಾರ್ಡಿನ ಅಂಚಿಗೆ ಎಷ್ಟು. ಗಾಡಿ ಪಕ್ಕಕ್ಕೆ ತಳ್ಳಿದ ಮೇಲೂ ಗಾಡಿಯ ನಕ್ಷೆ ನೆಲದ ಮೇಲೆ ಇರುತ್ತದೆ. ಹೊಸ ಚಾಸಿಸ್ ತಂದು ಅದೇ ಚುಕ್ಕೆಗಳ ಮೇಲೆ ನಿಲ್ಲಿಸಿ, ಮುಂದಿನ ಚಕ್ರದ ಚುಕ್ಕೆಗೆ ಹೊಂದಿಸಿ. ಎಲ್ಲಿ ಎಷ್ಟು ಹೊಂದಲ್ಲ ಅಂತ ನೆಲವೇ ಹೇಳುತ್ತದೆ.

ಚಾಸಿಸ್ ಕೊಳ್ಳುವಾಗ ಕರ್ಣದ ಅಳತೆಯೂ ಬೇಕು. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೆ, ಆಮೇಲೆ ಅದರ ಉಲ್ಟಾ. ಎರಡೂ ಒಂದೇ ಬಂದರೆ ಸರಿ. ಬರದಿದ್ದರೆ ಆ ಗಾಡಿ ಎಲ್ಲೋ ಗುದ್ದಿಸಿಕೊಂಡು ಬಂದಿದೆ, ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ. ಜೊತೆಗೆ ಒಂದು ಸಣ್ಣ ಸುತ್ತಿಗೆ ಇಟ್ಟುಕೊಂಡು ಹೋಗಿ. ಹಿಂದಿನ ಆಕ್ಸಲ್ ಮೇಲಿನ ಗೂನಿಗೆ, ಕಮಾನು ಪಟ್ಟಿ ನೇತಾಡುವ ಕೊಂಡಿಯ ಜಾಗಕ್ಕೆ ತಟ್ಟುತ್ತಾ ಹೋಗಿ. ಗಟ್ಟಿ ಕಬ್ಬಿಣ ಠಣ್ ಅನ್ನುತ್ತದೆ, ತುಕ್ಕು ತಿಂದಿದ್ದು ದಬ್ ಅನ್ನುತ್ತದೆ. ಮಾರುವವರು ಕಪ್ಪು ಪೇಂಟ್ ಹೊಡೆದು ಮುಚ್ಚಿರುತ್ತಾರೆ, ಆದರೆ ಸದ್ದು ಮುಚ್ಚೋಕೆ ಆಗಲ್ಲ ಅಲ್ವಾ.

ಪ್ರಶ್ನೆ: ಕ್ಯಾಬಿನ್ ಇಟ್ಟೆ, ನಾಲ್ಕೂ ಕಡೆ ವೆಲ್ಡ್ ಮಾಡಿದೆ, ಬಾಗಿಲು ಚೆನ್ನಾಗಿ ಮುಚ್ಚುತ್ತಿತ್ತು. ಎಂಜಿನ್ ಇಳಿಸಿದ ಮೇಲೆ ಡ್ರೈವರ್ ಬಾಗಿಲು ಮೇಲ್ಗಡೆ ಹಿಡಿಯುತ್ತಿದೆ. ಹಿಂಜ್ ಹೋಗಿದೆಯಾ?

ಉತ್ತರ: ಹಿಂಜಿಗೆ ಏನೂ ಆಗಿಲ್ಲ. ನೀವು ಮಾಡಿದ್ದು ನಾನು ಮೊದಲ ಸಲ ಮಾಡಿದ ತಪ್ಪನ್ನೇ, ಅದಕ್ಕೇ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ನಾನು ಚಾಸಿಸನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಇಟ್ಟಿದ್ದೆ. ಸ್ಟ್ಯಾಂಡ್ ಎಲ್ಲಿ? ಕೆಲಸಕ್ಕೆ ಅನುಕೂಲ ಅಂತ ನಡುವಿನಲ್ಲಿ. ಎಂಜಿನ್ ಇರಲಿಲ್ಲ, ಗೇರ್‌ಬಾಕ್ಸ್ ಇರಲಿಲ್ಲ. ಕ್ಯಾಬಿನ್ ಇಳಿಸಿದೆ, ರಸಮಟ್ಟ ಇಟ್ಟು ನೋಡಿದೆ, ಗುಳ್ಳೆ ನಡುವಲ್ಲೇ ಇತ್ತು. ಬಾಗಿಲ ಸಂದು ಸುತ್ತಲೂ ಒಂದೇ ಸಮ, ನಾಣ್ಯ ಇಟ್ಟು ನೋಡಿದರೂ ಒಂದೇ ಸಮ. ಪೂರ್ತಿ ವೆಲ್ಡ್ ಹೊಡೆದೆ. ಒಂದು ತಿಂಗಳಾದ ಮೇಲೆ ಎಂಜಿನ್ ಇಳಿಸಿ ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿದಾಗ ಬಾಗಿಲ ಮೇಲಿನ ಮೂಲೆಯಲ್ಲಿ ನಾಣ್ಯ ಹೋಗಲಿಲ್ಲ, ಹಾಳೆ ಕೂಡ ಹೋಗಲಿಲ್ಲ. ಕೆಳಗಡೆ ಕಿರುಬೆರಳು ಹೋಗುವಷ್ಟು ಸಂದು. ಚಾಸಿಸ್ ನೋಡೋಕೆ ಕಲ್ಲಿನಂತೆ ಕಂಡರೂ ಭಾರ ಬಿದ್ದ ಕಡೆ ಬಾಗುತ್ತದೆ. ನಡುವಿನ ಸ್ಟ್ಯಾಂಡ್ ಮೇಲೆ ಒಂದು ಆಕಾರ, ಚಕ್ರದ ಮೇಲೆ ಇನ್ನೊಂದು ಆಕಾರ. ನಾನು ತಪ್ಪು ಆಕಾರಕ್ಕೆ ವೆಲ್ಡ್ ಹೊಡೆದಿದ್ದೆ.

ಹಾಗಾಗಿ ಗಾಡಿ ತನ್ನ ಚಕ್ರದ ಮೇಲೆ ನಿಂತಿರಲಿ, ಇಲ್ಲವೇ ಸ್ಟ್ಯಾಂಡ್‌ಗಳು ಆಕ್ಸಲ್ ಕೆಳಗೆ ಇರಲಿ. ಎಂಜಿನ್ ಗೇರ್‌ಬಾಕ್ಸ್ ಜಾಗದಲ್ಲಿ ಇರಲಿ, ಒಳಗೆ ಏನೂ ಇಲ್ಲದ ಹಾಳು ಎಂಜಿನ್ ಆದರೂ ಪರವಾಗಿಲ್ಲ, ಭಾರ ಬೇಕು ಅಷ್ಟೇ. ಬಾಗಿಲುಗಳು ಹಿಂಜಿನಲ್ಲಿ, ಮುಚ್ಚಿ. ಮೊದಲು ಬರೀ ಟ್ಯಾಕ್, ಅಂದರೆ ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್, ಹಾಕಿ, ಒಂದು ದಿನ ಬಿಟ್ಟು ಮತ್ತೆ ಸಂದು ನೋಡಿ, ಆಮೇಲೆ ಪೂರ್ತಿ ವೆಲ್ಡ್.

ಈಗ ನಿಮ್ಮ ಗಾಡಿಗೆ ಏನು ಮಾಡೋದು? ಮೌಂಟ್, ಅಂದರೆ ಕ್ಯಾಬಿನ್ ಚಾಸಿಸ್ ಮೇಲೆ ಕೂರುವ ಆಧಾರ, ಅದರ ಬೋಲ್ಟ್ ಸಡಿಲ ಮಾಡಿ ಜಾಕ್ ಕೊಟ್ಟು ಕ್ಯಾಬಿನ್ನನ್ನು ನಿಧಾನ ಎತ್ತಿ, ಬಾಗಿಲು ಸರಿಯಾದ ಕಡೆ ನಿಲ್ಲಿಸಿ, ಎಷ್ಟು ಸಂದು ಬಂತೋ ಅಷ್ಟು ದಪ್ಪದ ಕಬ್ಬಿಣದ ಬಿಲ್ಲೆ ಮೌಂಟ್ ಕೆಳಗೆ ಕೊಡಿ. ಆರೇಳು ಮಿಲಿಮೀಟರ್‌ವರೆಗೂ ಇದು ನಡೆಯುತ್ತದೆ. ಅದಕ್ಕಿಂತ ಜಾಸ್ತಿ ಆದರೆ ವೆಲ್ಡ್ ಬಿಚ್ಚಬೇಕು. ನಾನು ಬಿಚ್ಚಿದೆ.

ಪ್ರಶ್ನೆ: ನಾಲ್ಕು ಚಕ್ರ ಡ್ರೈವ್ ಇರುವ ಚಾಸಿಸ್ ಅಗ್ಗಕ್ಕೆ ಸಿಗುತ್ತಿದೆ. ತೆಗೆದುಕೊಳ್ಳಲಾ?

ಉತ್ತರ: ನಾಲ್ಕು ಚಕ್ರ ಡ್ರೈವ್ ಬೇಕಿದ್ದರೆ ತೆಗೆದುಕೊಳ್ಳಿ, ಅಗ್ಗ ಅಂತ ಬೇಡ. ಸಾದಾ ಎಸ್-10ರಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್ ಇರುತ್ತದೆ. ಇದರಲ್ಲಿ ಟಾರ್ಷನ್ ಬಾರ್, ಅಂದರೆ ತಿರುಚಿದಾಗ ಸ್ಪ್ರಿಂಗ್ ಕೆಲಸ ಮಾಡುವ ಉದ್ದನೆಯ ಸರಳು, ಅದು ನೇರ ನಿಮ್ಮ ಕ್ಯಾಬಿನ್ ಕೆಳಗೆ ಹಾದು ಹೋಗುತ್ತದೆ. ಮೇಲಾಗಿ ಮುಂದಿನ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಷಿಯಲ್ಲೂ ಅಲ್ಲಿರುತ್ತದೆ. ಬಾಡಿ ಎತ್ತರಕ್ಕೆ ಹೋಗುತ್ತದೆ, ಹಳೇ ದುಂಡು ಗಾಡಿ ಮರಗಾಲು ಕಟ್ಟಿಕೊಂಡ ಹಾಗೆ ಕಾಣುತ್ತದೆ.

ಪ್ರಶ್ನೆ: ವಿಲ್ಲಿಸ್ ಸಿಜೆ-2ಎ ಜೀಪಿನ ಬಾಡಿ ಇದೆ. ಎಸ್-10 ಗಿಡ್ಡ ಚಾಸಿಸ್ ಕತ್ತರಿಸಿ ಹೊಂದಿಸಿಕೊಳ್ಳಬಹುದಾ ಅಣ್ಣ? ವೆಲ್ಡಿಂಗ್ ನನಗೆ ಬರುತ್ತದೆ.

ಉತ್ತರ: ತಮ್ಮಾ, ಆ ಜೀಪಿನ ವೀಲ್‌ಬೇಸ್ 80 ಇಂಚು. ಗಿಡ್ಡ ಎಸ್-10 ಅಂದರೂ 108.3. ನೀನು 28 ಇಂಚು ಕತ್ತರಿಸಬೇಕು, ಅಂದರೆ ಕಾಲು ಭಾಗಕ್ಕಿಂತ ಜಾಸ್ತಿ. ಆಮೇಲೆ ಗೇರ್‌ಬಾಕ್ಸಿನಿಂದ ಹೌಸಿಂಗ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಮೊಳ ಉದ್ದ ಉಳಿದರೆ ಪುಣ್ಯ. ಅಷ್ಟು ಗಿಡ್ಡ ಆದರೆ ಅದು ಇಳಿಜಾರಾಗಿ ನಿಲ್ಲುತ್ತದೆ, ಅದರ ತುದಿಯ ಜಾಯಿಂಟ್ ಕ್ರಾಸ್ ಬೇಗ ಸವೆಯುತ್ತದೆ, ಗಾಡಿ ನಡುಗುತ್ತದೆ. ಜಾಯಿಂಟಿಗೆ ಒಂದರಿಂದ ಮೂರು ಡಿಗ್ರಿ ಕೋನ ಇದ್ದರೆ ಸುಖ. ಗೇರ್‌ಬಾಕ್ಸಿನ ಮುಖವೂ ಹೌಸಿಂಗ್ ಮುಖವೂ ಒಂದಕ್ಕೊಂದು ಸಮಾನಾಂತರವಾಗಿ ಇರಬೇಕು. ಜೀಪಿನ ಬಾಡಿಗೆ ಜೀಪಿನದೇ ಚಾಸಿಸ್ ಹುಡುಕು, ಅದೇ ಕಮ್ಮಿ ಕೆಲಸ.

ಕತ್ತರಿಸೋದೇ ತಪ್ಪು ಅಂತ ಹೇಳ್ತಿಲ್ಲ. 1953–56ರ ಫೋರ್ಡ್ ಎಫ್-100ರ ವೀಲ್‌ಬೇಸ್ 110 ಇಂಚು. ಅಂಥ ಬಾಡಿಗೆ ಗಿಡ್ಡ ಚಾಸಿಸನ್ನು ಒಂದೂಮುಕ್ಕಾಲು ಇಂಚು ಉದ್ದ ಮಾಡೋದು, ಇಲ್ಲವೇ 117.9ರದ್ದನ್ನು ಸುಮಾರು 8 ಇಂಚು ಗಿಡ್ಡ ಮಾಡೋದು ನಡೆಯುವ ಕೆಲಸ. ಹೇಗೆ ಅಂದರೆ, ಕ್ಯಾಬಿನ್ ಹಿಂಭಾಗಕ್ಕೂ ಹಿಂದಿನ ಕಮಾನು ಪಟ್ಟಿಯ ಮುಂದಿನ ಕೊಂಡಿಗೂ ಮಧ್ಯೆ ಚಾಸಿಸ್‌ನ ಉದ್ದ ಪಟ್ಟಿ ನೇರವಾಗಿರುವ ಜಾಗ ನೋಡಿ ಅಲ್ಲೇ ಕತ್ತರಿಸಬೇಕು. ಬಾಗಿದ ಕಡೆ, ತೂತಿರುವ ಕಡೆ ಬೇಡ. ಕತ್ತರಿಸುವ ಮೊದಲು ಎರಡು ಪಟ್ಟಿಗಳಿಗೂ ಅಡ್ಡಲಾಗಿ ಕೋನಪಟ್ಟಿ ಟ್ಯಾಕ್ ಹಾಕಿ ಕಟ್ಟಿಹಾಕು, ಇಲ್ಲಾಂದ್ರೆ ಕತ್ತರಿಸಿದ ತಕ್ಷಣ ಎರಡು ಅರ್ಧ ಎರಡು ದಿಕ್ಕಿಗೆ ತಿರುಗುತ್ತದೆ. ನೇರ ಅಡ್ಡ ಕತ್ತರಿಸಬೇಡ, ಓರೆಯಾಗಿಯೋ ಮೆಟ್ಟಿಲ ಆಕಾರದಲ್ಲೋ ಕತ್ತರಿಸು, ವೆಲ್ಡ್ ಒಂದೇ ಗೆರೆಯಲ್ಲಿ ಬರಬಾರದು. ಪಟ್ಟಿ ಒಳಗೆ ಇನ್ನೊಂದು ಪಟ್ಟಿ ತೂರಿಸಿ ಸೇರಿಸು. ಹೊರಗೆ ಹಾಕುವ ತಗಡು ಚೌಕ ಇರಬಾರದು, ಗಾಳಿಪಟದ ಆಕಾರ ಇರಲಿ, ತುದಿ ಚೂಪಾಗಿ ಹೋದರೆ ಭಾರ ನಿಧಾನ ಹಂಚಿಕೊಳ್ಳುತ್ತದೆ. ಚೌಕ ಹಾಕಿದರೆ ಅದರ ಅಂಚಿನ ಗೆರೆಯಲ್ಲೇ ಒಂದು ದಿನ ಬಿರುಕು ಬಿಡುತ್ತದೆ.

ವೆಲ್ಡ್ ಒಂದೇ ಉಸಿರಿಗೆ ಎಳೀಬೇಡ. ಎಡಕ್ಕೆ ಒಂದು ಇಂಚು, ಬಲಕ್ಕೆ ಒಂದು ಇಂಚು, ಮಧ್ಯೆ ಮಧ್ಯೆ ಕರ್ಣ ಅಳೆದು ನೋಡು. ನೀರು ಹೊಯ್ದು ತಣ್ಣಗೆ ಮಾಡಬೇಡ, ತಾನಾಗೇ ಆರಲಿ. ಬ್ಯಾಟರಿ ಬಿಚ್ಚಿಟ್ಟಿರು. ಟ್ಯಾಂಕ್, ಪೆಟ್ರೋಲ್ ಪೈಪ್, ಬ್ರೇಕ್ ಪೈಪ್ ಎಲ್ಲ ತೆಗೆದು ದೂರ ಇಟ್ಟಿರು. ವೆಲ್ಡಿಂಗ್ ಬರುತ್ತೆ ಅಂತೀಯಲ್ಲ, ಗೇಟ್, ಗ್ರಿಲ್ ಮಾಡಿದ ಕೈಯಾ, ಚಾಸಿಸ್ ಮಾಡಿದ ಕೈಯಾ? ಮೊದಲಿನದಾದರೆ ಅದೇ ದಪ್ಪದ ಎರಡು ತುಂಡು ಸೇರಿಸಿ, ಕತ್ತರಿಸಿ, ವೆಲ್ಡ್ ಒಳಗೆ ಎಷ್ಟು ಇಳಿದಿದೆ ನೋಡು. ಇಳಿದಿಲ್ಲ ಅಂದರೆ ಬಲ್ಲವರ ಕೈಲಿ ಹೊಡೆಸು. ವೆಲ್ಡ್ ಬಿಟ್ಟ ಗೇಟಿಗೂ ವೆಲ್ಡ್ ಬಿಟ್ಟ ಚಾಸಿಸ್‌ಗೂ ತುಂಬಾ ವ್ಯತ್ಯಾಸ ಇದೆ.

ಪ್ರಶ್ನೆ: ನನ್ನ ಹತ್ತಿರ 1990ರ ಜೀಪ್ ಚೆರೋಕೀ ಇದೆ. ಕೆಳಗೆಲ್ಲ ತುಕ್ಕು. ಸಣ್ಣ ಪಿಕಪ್ ಚಾಸಿಸ್ ಮೇಲೆ ಕೂರಿಸಿದರೆ ಇನ್ನೂ ಹತ್ತು ವರ್ಷ ಬರಬಹುದಲ್ವಾ?

ಉತ್ತರ: ಬರಲ್ಲ. 1984ರಿಂದ 2001ರವರೆಗೆ ಬಂದ ಆ ಚೆರೋಕೀಗೆ ಬೇರೆ ಚಾಸಿಸ್ ಅಂತಲೇ ಇಲ್ಲ. ನೆಲ, ಪಕ್ಕದ ಪಟ್ಟಿ, ಕಂಬ, ಸೂರು, ಎಲ್ಲ ಸೇರಿ ಒಂದೇ ಮೊಟ್ಟೆಯಂತೆ ಭಾರ ಹೊರುತ್ತದೆ. ನೀವು ಹೇಳುವ ಪ್ರಕಾರ ಆ ಮೊಟ್ಟೆಯ ಕೆಳಭಾಗವೇ ಒಡೆದಿದೆ. ಅದನ್ನು ಕತ್ತರಿಸಿ ತೆಗೆದು ಚಾಸಿಸ್ ಮೇಲಿಟ್ಟರೆ ಬಾಗಿಲು ಮುಚ್ಚಲ್ಲ, ಗಾಜು ಬಿರಿಯುತ್ತದೆ. ಕತ್ತರಿಸದೇ ಹಾಗೇ ಇಟ್ಟರೆ ಗಾಡಿಯ ಮೇಲೆ ಗಾಡಿ ಇಟ್ಟ ಹಾಗೆ, ಎತ್ತರ, ಭಾರ ಎರಡೂ ಏರುತ್ತದೆ, ತಿರುವಿನಲ್ಲಿ ಮಗುಚುವ ಭಯ. ಮಾಡಿದವರು ಇಲ್ಲವೇ ಇಲ್ಲ ಅಂತಲ್ಲ, ಇದ್ದಾರೆ, ಅವರು ಒಳಗೆಲ್ಲ ಪೈಪಿನ ಪಂಜರ ಕಟ್ಟಿ ರೇಸಿಗೆ ಮಾಡಿಕೊಂಡವರು. ನಿಮ್ಮ ಗಾಡಿಗೆ ತುಕ್ಕು ತಿಂದ ಪಟ್ಟಿಗಳ ಜಾಗಕ್ಕೆ ಹೊಸ ತಗಡು ಹಾಕಿಸೋದು ಸರಿಯಾದ ದಾರಿ.

ಸುಮ್ನೆ ಒಂದು ಪರೀಕ್ಷೆ ಹೇಳ್ತೀನಿ, ಇದನ್ನು ಎಲ್ಲರೂ ಮಾಡಬಹುದು. ಗಾಡಿ ಕೆಳಗೆ ಮಲಗಿ ನೋಡಿ. ಮುಂದಿನಿಂದ ಹಿಂದಿನವರೆಗೆ ಎರಡು ದಪ್ಪ ಪಟ್ಟಿ ಹೋಗಿದೆಯಾ, ಬಾಡಿ ಅದರ ಮೇಲೆ ರಬ್ಬರ್ ಮತ್ತು ಬೋಲ್ಟಿನಲ್ಲಿ ಕೂತಿದೆಯಾ? ಹೌದಾದರೆ ಬಾಡಿ ಬೇರೆ, ಚಾಸಿಸ್ ಬೇರೆ. ಬೋಲ್ಟೇ ಕಾಣಲಿಲ್ಲ, ಎಲ್ಲ ಒಂದೇ ತಗಡು ಅನ್ನಿಸಿದರೆ ಎದ್ದು ಬಟ್ಟೆ ಕೊಡವಿಕೊಂಡು ಈ ವಿಚಾರ ಬಿಟ್ಟುಬಿಡಿ.

ಪ್ರಶ್ನೆ: ಬಾಡಿ ಕೂತಿದೆ. ಸ್ಟಿಯರಿಂಗ್ ಕಂಬ ಮತ್ತು ಬ್ರೇಕ್ ಪೆಡಲ್ ಹಳೇ ಗಾಡಿದೇ ಇಟ್ಟುಕೊಳ್ಳೋಣ ಅಂತ. ತೊಂದರೆ ಇದೆಯಾ?

ಉತ್ತರ: ಇದೆ. ಹಳೇ ಗಾಡಿಯ ಸ್ಟಿಯರಿಂಗ್ ಕಂಬ ಉದ್ದನೆಯ ಒಂದೇ ಸರಳು, ಡಿಕ್ಕಿಯಾದರೆ ಅದು ನೇರ ಎದೆಗೆ ಬರುತ್ತದೆ. ಗುದ್ದಿದಾಗ ಒಳಗೆ ಕುಸಿಯುವ ಕಂಬ ಹಾಕಿ, ಚಾಸಿಸ್ ಬಂದ ಗಾಡಿಯದೇ ಸಿಕ್ಕರೆ ಅದನ್ನೇ ಹಾಕಿ. ಕಂಬಕ್ಕೂ ಸ್ಟಿಯರಿಂಗ್ ಬಾಕ್ಸಿಗೂ ನೇರ ದಾರಿ ಸಿಗಲ್ಲ, ಮಧ್ಯೆ ಜಾಯಿಂಟ್ ಬೇಕಾಗುತ್ತದೆ. ಒಂದೊಂದು ಜಾಯಿಂಟ್ 30 ಡಿಗ್ರಿ ಒಳಗೆ ಇರಲಿ. ಎರಡು ಸಾಲದೆ ಮೂರು ಹಾಕಿದರೆ ಮಧ್ಯದ ಶಾಫ್ಟಿಗೆ ಒಂದು ಬೇರಿಂಗ್ ಆಧಾರ ಇರಲೇಬೇಕು. ಇಲ್ಲದಿದ್ದರೆ ಸ್ಟಿಯರಿಂಗ್ ತಿರುಗಿಸಿದಾಗ ಚಕ್ರ ತಿರುಗೋ ಬದಲು ಶಾಫ್ಟ್ ಹಗ್ಗದ ಥರ ಕುಣಿಯುತ್ತದೆ.

ಬ್ರೇಕ್ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳ್ತೀನಿ. ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆಯನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಆ ಕಾಲದಲ್ಲಿ ಕಾಲ ಕೆಳಗೆ, ಚಾಸಿಸ್ ಪಕ್ಕ ಇರುತ್ತಿತ್ತು. ನಾಲ್ಕೂ ಚಕ್ರಕ್ಕೆ ಒಂದೇ ದಾರಿ. ಒಂದು ಪೈಪ್ ಒಡೆದರೆ ಬ್ರೇಕ್ ಪೂರ್ತಿ ಮಾಯ. ಎರಡು ಕೋಣೆಯ ಮಾಸ್ಟರ್ ಸಿಲಿಂಡರ್ ಹಾಕಿ, ಮುಂದೆ ಹೋದರೂ ಹಿಂದಿನದು ಉಳಿಯುತ್ತದೆ. ಅದನ್ನು ಫೈರ್‌ವಾಲ್ ಮೇಲೆ ಹಾಕೋಕೆ ಜಾಗ ಇಲ್ಲದೆ ಹಳೇ ಜಾಗದಲ್ಲೇ ಕೆಳಗೆ ಇಟ್ಟರೆ ಇನ್ನೊಂದು ಕಿರಿಕಿರಿ: ಚಕ್ರದಲ್ಲಿ ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗಿಂತ ಸಿಲಿಂಡರ್ ತಗ್ಗಿನಲ್ಲಿ ಬರುತ್ತದೆ, ಎಣ್ಣೆ ವಾಪಸ್ ಇಳಿದು ಪೆಡಲ್ ಮೊದಲ ಒದೆತಕ್ಕೆ ಸಿಗಲ್ಲ. ಅದಕ್ಕೆ ಪೈಪಿನ ಮಧ್ಯೆ ಒತ್ತಡ ಹಿಡಿದಿಡುವ ಸಣ್ಣ ವಾಲ್ವ್ ಸಿಗುತ್ತದೆ, ಡಿಸ್ಕಿಗೆ 2 ಪಿಎಸ್‌ಐ, ಡ್ರಮ್ಮಿಗೆ 10. ಅದಲು ಬದಲು ಮಾಡಬೇಡಿ. ಡಿಸ್ಕಿಗೆ 10ರದ್ದು ಹಾಕಿದರೆ ಬ್ರೇಕ್ ಸದಾ ಹಿಡಿದುಕೊಂಡು ಕಾಯುತ್ತಾ ಹೋಗುತ್ತದೆ.

ಪ್ರಶ್ನೆ: ನಂಬರ್ ಯಾವುದು ಉಳಿಯುತ್ತದೆ? ಬಾಡಿಯದಾ, ಚಾಸಿಸ್ಸಿನದಾ?

ಉತ್ತರ: ಒಂದೊಂದು ಕಡೆ ಒಂದೊಂದು ಕಾನೂನು. ಕೆಲವು ಕಡೆ ಚಾಸಿಸ್ ಮೇಲೆ ಕೆತ್ತಿದ್ದೇ ಗಾಡಿ, ಕೆಲವು ಕಡೆ ಬಾಡಿಯ ನಂಬರ್ ನಡೆಯುತ್ತದೆ, ಕೆಲವು ಕಡೆ ಈ ಕೆಲಸಕ್ಕೇ ಅನುಮತಿ ಇಲ್ಲ. ಗ್ರೈಂಡರ್ ಆನ್ ಮಾಡುವ ಮೊದಲು ನೋಂದಣಿ ಕಚೇರಿಯಲ್ಲೂ ವಿಮೆಯವರ ಹತ್ತಿರವೂ ಬರಹದಲ್ಲಿ ಕೇಳಿ. 1981ರ ಮಾಡೆಲ್‌ನಿಂದ ಅಮೆರಿಕದ ಗಾಡಿಗಳಿಗೆ 17 ಅಕ್ಷರದ ನಂಬರ್ ಬಂತು, ಹಾಗಾಗಿ ಎಸ್-10 ಚಾಸಿಸ್ ಎಲ್ಲಿಂದ ಬಂತು ಅಂತ ಹುಡುಕೋದು ಕಷ್ಟ ಏನಲ್ಲ. ಕದ್ದ ಗಾಡಿಯ ಚಾಸಿಸ್ ನಿಮ್ಮ ಕ್ಯಾಬಿನ್ ಕೆಳಗೆ ಸೇರಿಕೊಂಡರೆ ತಲೆನೋವು ನಿಮ್ಮದೇ. ಚಾಸಿಸ್ ಕೊಳ್ಳುವಾಗ ಅದರ ಕಾಗದವನ್ನೂ ಕೇಳಿ, ಕೊಡದಿದ್ದರೆ ಎದ್ದು ಬನ್ನಿ. ಒಂದು ಗಾಡಿಯ ನಂಬರ್ ತಗಡು ಕಿತ್ತು ಇನ್ನೊಂದಕ್ಕೆ ಬಡಿಯುವ ಯೋಚನೆ ಬಂದಿದ್ದರೆ ಬಿಡಿ, ಅದು ಜೈಲಿನ ದಾರಿ.

ಪ್ರಶ್ನೆ: ಅಪ್ಪ ಹೀಗೇ ಒಂದು ಗಾಡಿ ಶುರು ಮಾಡಿದ್ದರು, ಮುಗಿಸೋಕೆ ಆಗಲಿಲ್ಲ, ಈಗ ಅವರಿಲ್ಲ. ಕ್ಯಾಬಿನ್ ಚಾಸಿಸ್ ಮೇಲೆ ಇದೆ, ಉಳಿದಿದ್ದು ಡಬ್ಬಗಳಲ್ಲಿ. ಮೆಕ್ಯಾನಿಕ್ ಒಬ್ಬರು ಬಂದು ನೋಡಿ, 'ಎಲ್ಲ ಬಿಚ್ಚಿ ಮೊದಲಿಂದ ಮಾಡಬೇಕಮ್ಮ' ಅಂದರು. ಹಾಗೇ ಮಾಡಿಸಬೇಕಾ?

ಉತ್ತರ: ಅಮ್ಮಾ, ಆತುರ ಬೇಡ. ಅವರು ಹೇಳಿದ್ದು ನಿಜವೂ ಇರಬಹುದು, ಬೇರೆಯವರ ಕೆಲಸ ಮುಂದುವರಿಸೋದು ಯಾರಿಗೂ ಇಷ್ಟ ಆಗಲ್ಲ ಅನ್ನೋದೂ ಇರಬಹುದು. ಮೊದಲು ಡಬ್ಬಗಳಲ್ಲಿ, ಗೋಡೆ ಮೇಲೆ, ಕ್ಯಾಬಿನ್ ಒಳಗಿನ ತಗಡಿನ ಮೇಲೆ ಬರೆದ ಅಂಕಿಗಳು ಇವೆಯಾ ನೋಡಿ. ಈ ಕೆಲಸ ಮಾಡುವವರು ಸಿಕ್ಕಿದ್ದರ ಮೇಲೆಲ್ಲ ಅಳತೆ ಬರೆದಿಟ್ಟಿರುತ್ತಾರೆ. ನೆಲದ ಮೇಲೆ ಪೇಂಟ್ ಚುಕ್ಕೆ ಇದ್ದರೆ ಒರೆಸಬೇಡಿ, ಫೋಟೊ ತೆಗೆದಿಟ್ಟುಕೊಳ್ಳಿ, ಗಾಡಿಯನ್ನೂ ಅಲ್ಲಿಂದ ಸರಿಸಬೇಡಿ. ಆಮೇಲೆ ಕ್ಯಾಬಿನ್ ಕೂತ ಜಾಗಕ್ಕೆ ಟಾರ್ಚ್ ಬಿಟ್ಟು ನೋಡಿ. ಅಲ್ಲಲ್ಲಿ ಬಟಾಣಿ ಕಾಳಿನಷ್ಟು ವೆಲ್ಡ್ ಇದ್ದರೆ ಅದು ಬರೀ ಟ್ಯಾಕ್, ಅವರು ಇನ್ನೂ ಹೊಂದಿಸುತ್ತಿದ್ದರು, ಬಿಚ್ಚೋಕೆ ಹತ್ತು ನಿಮಿಷ. ಉದ್ದಕ್ಕೆ ಎಳೆದ ವೆಲ್ಡ್ ಇದ್ದರೆ ಅವರು ಜಾಗ ತೀರ್ಮಾನ ಮಾಡಿದ್ದರು. ಬಾಗಿಲು ಮುಚ್ಚಿ ನೋಡಿ. ಸಂದು ಸುತ್ತಲೂ ಸಮ ಇದ್ದು, ಎಂಜಿನ್ನೂ ಜಾಗದಲ್ಲಿದ್ದು, ಮುಂದಿನ ಚಕ್ರ ಮಡ್‌ಗಾರ್ಡಿನ ನಡುವೆ ಇದ್ದರೆ ಕಷ್ಟದ ಭಾಗ ನಿಮ್ಮಪ್ಪ ಮುಗಿಸಿದ್ದಾರೆ. ಆಗ ಇನ್ನೊಬ್ಬ ಮೆಕ್ಯಾನಿಕ್ಕನ್ನು ಕರೆಸಿ, 'ಬಿಚ್ಚಬೇಕಾ' ಅಂತ ಕೇಳಬೇಡಿ, 'ಇಲ್ಲಿಂದ ಮುಂದೆ ಏನು ಬಾಕಿ ಇದೆ, ಬರೆದುಕೊಡಿ' ಅಂತ ಕೇಳಿ.

ಪ್ರಶ್ನೆ: ಬಾಡಿ ಮೌಂಟ್‌ಗೆ ಹಳೇ ಟೈರ್ ತುಂಡು ಕತ್ತರಿಸಿ ಇಟ್ಟರೆ ನಡೆಯುತ್ತಾ?

ಉತ್ತರ: ಒಂದು ವರ್ಷ ನಡೆಯುತ್ತೆ. ಆಮೇಲೆ ಅದು ಚಪ್ಪಟೆಯಾಗಿ ಬೋಲ್ಟ್ ಸಡಿಲ ಆಗುತ್ತದೆ, ಕ್ಯಾಬಿನ್ ಗುಂಡಿಗಿಳಿದಾಗಲೆಲ್ಲ ಡಬ್ ಅನ್ನುತ್ತದೆ. ಚಾಸಿಸ್ ಬಂದ ಗಾಡಿಯ ಮೌಂಟ್ ರಬ್ಬರನ್ನೇ ಹೊಸದು ತನ್ನಿ, ಮೇಲೊಂದು ಕೆಳಗೊಂದು ಬರುತ್ತದೆ, ಮಧ್ಯೆ ಕಬ್ಬಿಣದ ಕೊಳವೆ ಇರುತ್ತದೆ, ಬೋಲ್ಟ್ ಎಷ್ಟು ಬಿಗಿ ಮಾಡಿದರೂ ರಬ್ಬರ್ ಜಜ್ಜಿಹೋಗದ ಹಾಗೆ ತಡೆಯೋದು ಆ ಕೊಳವೆಯೇ. ಟೈರ್ ತುಂಡಿನಲ್ಲಿ ಅದಿಲ್ಲ. ಅಂದಹಾಗೆ ಹೊಸ ರಬ್ಬರ್ ಹಾಕುವ ಮೊದಲೇ ವೆಲ್ಡಿಂಗ್ ಮುಗಿಸಿ, ಪೇಂಟ್ ಹೊಡೆದು ಒಣಗಿಸಿ. ಟ್ಯಾಕ್ ಹಾಕುವಾಗ ಅದೇ ದಪ್ಪದ ಮರದ ತುಂಡು ಇಟ್ಟುಕೊಂಡರೆ ಸಾಕು, ಮರಕ್ಕೆ ಕಿಡಿ ಹತ್ತಿದರೆ ಅಂತ ಪಕ್ಕದಲ್ಲಿ ಒಂದು ಬಕೆಟ್ ನೀರೂ ಇರಲಿ.